ಗ್ರೀನಿಚ್‌ನಲ್ಲಿ ನೆನಪಾದ ಅಪ್ಪಯ್ಯನ ಮಂಜಿ

ನಮ್ಮ ಮಗಳ ಸಂಸಾರ ಇರುವುದು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ. ಹೋದ ವರ್ಷ ಆಗಸ್ಟ್‌ನಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿದ್ದೆವು. ಇಲ್ಲಿ ನಮ್ಮೂರಲ್ಲಿ ಧೋ ಎಂದು ಮಳೆ, ಅಲ್ಲಿ ಬೇಸಿಗೆ ರಜೆ. ಹತ್ತು ವರ್ಷದ ಮೊಮ್ಮಗಳು ಪುಟ್ಟಿಗೆ ಶಾಲೆಯಿರಲಿಲ್ಲ. ಅಜ್ಜ ಅಜ್ಜಿಗೆ ಊರು ತೋರಿಸುವ ಕೆಲಸ ತನ್ನದೇ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

“ಅಜ್ಜಯ್ಯ, ಲಂಡನ್ನಿನಲ್ಲಿ ನಿಮಗೆ ಏನು ನೋಡಬೇಕು? ಅರಮನೆಯಾ, ದೊಡ್ಡ ಗಡಿಯಾರವಾ?”

“ಹಡಗು,” ಎಂದೆ.

ನಾನು ಗಂಗೊಳ್ಳಿಯವನು. ಐದು ಹೊಳೆಗಳು ಒಂದಾಗಿ ಕಡಲು ಸೇರುವ ಅಳಿವೆಯ ದಡದಲ್ಲಿ ಹುಟ್ಟಿ ಬೆಳೆದವನು. ನಮ್ಮ ಅಪ್ಪಯ್ಯ ಮಂಜಿಯಲ್ಲಿ ಖಲಾಸಿಯಾಗಿದ್ದರು. ಮಂಜಿ ಎಂದರೆ ಬೀಳುವ ಮಂಜಲ್ಲ ಮಕ್ಕಳೇ! ಹಾಯಿ ಕಟ್ಟಿಕೊಂಡು ಗಾಳಿಯ ಬಲದಿಂದ ಸಾಗುತ್ತಿದ್ದ, ಸರಕು ಸಾಗಿಸುವ ಮರದ ಹಡಗು. ನಮ್ಮ ಕಡೆಯ ಹೆಂಚು ತುಂಬಿಕೊಂಡು ಮುಂಬಯಿಗೆ ಹೋಗುತ್ತಿತ್ತು. ಬರುವಾಗ ಉಪ್ಪು, ಈರುಳ್ಳಿ ತರುತ್ತಿತ್ತು. ನಾನು ಮೇಷ್ಟ್ರಾಗಿ ಮೂವತ್ತೈದು ವರ್ಷ ಹಲಗೆಯ ಮುಂದೆ ನಿಂತವನು, ಕಡಲ ಮೇಲೆ ಕೆಲಸ ಮಾಡಿದವನಲ್ಲ. ಆದರೂ ಹಡಗು ಎಂದರೆ ಈಗಲೂ ಕಾಲು ತಾನಾಗಿ ಅತ್ತ ತಿರುಗುತ್ತದೆ.

“ಹಾಗಾದರೆ ಗ್ರೀನಿಚ್‌ಗೆ ಹೋಗೋಣ,” ಎಂದಳು ಪುಟ್ಟಿ.

ಮುದಿ ನಾವಿಕರ ಅರಮನೆ

ಗ್ರೀನಿಚ್ ಹೆಸರನ್ನು ನೀವೆಲ್ಲ ಭೂಗೋಳದ ಪಾಠದಲ್ಲಿ ಓದಿದ್ದೀರಿ. ಸೊನ್ನೆ ಡಿಗ್ರಿ ರೇಖಾಂಶ ಹಾದುಹೋಗುವ ಜಾಗ. ಮಕ್ಕಳಿಗೆ ನಕಾಶೆಯ ಮೇಲೆ ಆ ಗೆರೆಯನ್ನು ಎಷ್ಟು ಸಲ ಎಳೆದು ತೋರಿಸಿದ್ದೆನೋ! ಲಂಡನ್ನಿನ ಟವರ್ ಸೇತುವೆಯ ಹತ್ತಿರ ದೋಣಿ ಹತ್ತಿ, ಥೇಮ್ಸ್ ನದಿಯಲ್ಲಿ ಕೆಳಮುಖವಾಗಿ ಹೋದೆವು. ಒಂದು ತಿರುವು ದಾಟುತ್ತಿದ್ದಂತೆ ಎಡಬಲದಲ್ಲಿ ಒಂದೊಂದು ಗುಮ್ಮಟವಿದ್ದ ಭವ್ಯ ಬಿಳಿ ಕಟ್ಟಡ ಕಾಣಿಸಿತು.

“ಇದು ಯಾವ ರಾಜನ ಅರಮನೆ?” ಎಂದು ನನ್ನಾಕೆ ಕೇಳಿದಳು.

ಅಳಿಯ ನಕ್ಕ. “ಅತ್ತೆ, ಇದು ರಾಜರಿಗಲ್ಲ, ಮುದುಕರಾದ ನಾವಿಕರಿಗೆ ಕಟ್ಟಿಸಿದ್ದು.”

ಕೈಯೋ ಕಾಲೋ ಕಳೆದುಕೊಂಡ, ದುಡಿಯಲಾಗದ ನೌಕಾಪಡೆಯವರಿಗಾಗಿ 1694ರಲ್ಲಿ ಸ್ಥಾಪಿಸಿದ ಆಶ್ರಯವಂತೆ ಅದು. 1705ರಲ್ಲಿ ಮೊದಲ ನಾವಿಕರು ಬಂದು ಸೇರಿದರು. ಒಂದು ಕಾಲದಲ್ಲಿ 2,700 ಮಂದಿ ಅಲ್ಲಿದ್ದರು. ನೀಲಿ ಕೋಟು, ಮೂರು ಮೂಲೆಯ ಟೋಪಿ ಧರಿಸಿ, ನದಿಯ ದಡದಲ್ಲಿ ಕುಳಿತು ಹೋಗಿಬರುವ ಹಡಗುಗಳನ್ನು ನೋಡುತ್ತ ಕಾಲ ಕಳೆಯುತ್ತಿದ್ದರು. 1869ರಲ್ಲಿ ಆ ಆಶ್ರಯ ಮುಚ್ಚಿತು.

ಆ ಕಟ್ಟಡದೊಳಗೆ ಒಂದು ಚಿತ್ರಶಾಲೆ ಇದೆ. ಅದರ ಗೋಡೆ, ಮಾಳಿಗೆಗಳ ತುಂಬ ಚಿತ್ರ ಬರೆಯಲು ಜೇಮ್ಸ್ ಥಾರ್ನ್‌ಹಿಲ್ ಎಂಬ ಕಲಾವಿದ 19 ವರ್ಷ ತೆಗೆದುಕೊಂಡ. ಅದೇ ಕೋಣೆಯಲ್ಲಿ 1824ರಲ್ಲಿ ನೌಕಾಚಿತ್ರಗಳ ಸಂಗ್ರಹವೊಂದು ಶುರುವಾಯಿತು. ಶುರುಮಾಡಿದವನು ಎಡ್ವರ್ಡ್ ಹಾಕ್ ಲಾಕರ್. ಅವನ ಅಪ್ಪ ವಿಲಿಯಂ ಲಾಕರ್ ನೌಕಾಪಡೆಯ ಅಧಿಕಾರಿಯಾಗಿದ್ದ. ಇಲ್ಲಿ ಚಿತ್ರಗಳನ್ನು ಒಟ್ಟುಗೂಡಿಸಬೇಕು ಎಂಬ ಆಸೆ ಮೊದಲು ಹುಟ್ಟಿದ್ದು ಅಪ್ಪನಿಗೆ, ನಡೆಸಿಕೊಟ್ಟವನು ಮಗ. ಈಗ ಆ ಸಂಗ್ರಹವೆಲ್ಲ ಪಕ್ಕದಲ್ಲೇ ಇರುವ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅದು ಬಾಗಿಲು ತೆರೆದದ್ದು 1937ರಲ್ಲಿ. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ ಎಂದು ತಿಳಿದು ನನ್ನಾಕೆಗೆ ಬಹಳ ಸಮಾಧಾನವಾಯಿತು.

“ಇದು ಇಟ್ಟಿಗೆ ಗೂಡಿನಂತಿದೆ!”

ಅಲ್ಲಿ ನಮ್ಮನ್ನು ಮೊದಲು ತಡೆದು ನಿಲ್ಲಿಸಿದ್ದು ಸುಮಾರು ಹನ್ನೆರಡು ಅಡಿ ಅಗಲ, ಎಂಟೂವರೆ ಅಡಿ ಎತ್ತರದ ದೊಡ್ಡ ತೈಲಚಿತ್ರ. ಬರೆದವನು ಜೆ.ಎಂ.ಡಬ್ಲ್ಯು. ಟರ್ನರ್. 1805ರ ಅಕ್ಟೋಬರ್ 21ರಂದು ನಡೆದ ಟ್ರಫಾಲ್ಗರ್ ಕದನದ ಚಿತ್ರ. ನಡುವೆ ನೆಲ್ಸನ್‌ನ ‘ವಿಕ್ಟರಿ’ ಹಡಗು. ಸುತ್ತ ಹೊಗೆ, ಬೆಂಕಿ. ಕೆಳಗೆ ನೀರಿನಲ್ಲಿ ಒದ್ದಾಡುವ ಜನ. ಟರ್ನರ್ ಎಂದರೆ ಇಂಗ್ಲೆಂಡಿನ ಬಹು ದೊಡ್ಡ ಚಿತ್ರಕಾರ. ಬರೆಯಿಸಿದವನು ಸಾಕ್ಷಾತ್ ದೊರೆ, ನಾಲ್ಕನೆಯ ಜಾರ್ಜ್. ಇನ್ನು ತಪ್ಪು ಹುಡುಕುವವರು ಯಾರು?

ಇದ್ದರು! ಕಡಲಲ್ಲಿ ದುಡಿದವರು. ಚಿತ್ರ ಅರಮನೆಯಲ್ಲಿದ್ದಾಗಲೇ ನೌಕಾಪಡೆಯವರು ಬಂದು, ಈ ಹಗ್ಗ ಹೀಗಿರುವುದಿಲ್ಲ, ಹಡಗು ನೀರಿನಲ್ಲಿ ಇಷ್ಟು ಮೇಲೆ ನಿಲ್ಲುವುದಿಲ್ಲ ಎಂದು ಒಂದೊಂದೇ ತಕರಾರು ತೆಗೆದರು. ಪಾಪ, ಟರ್ನರ್ 11 ದಿನ ಅಲ್ಲೇ ನಿಂತು ತಿದ್ದಿದನಂತೆ. ತಿದ್ದಲಾಗದ ಇನ್ನೊಂದು ಸಂಗತಿಯೂ ಇತ್ತು. ಬೆಳಿಗ್ಗೆ ಹಾರಿಸಿದ ಸಂಕೇತದ ಬಾವುಟ, ಮಧ್ಯಾಹ್ನ ಮುರಿದ ಕೂವೆಮರ, ಸಂಜೆ ಹೊತ್ತಿ ಉರಿದ ಹಡಗು, ಎಲ್ಲವೂ ಒಂದೇ ಕ್ಷಣದಲ್ಲಿ ನಡೆಯುತ್ತಿರುವಂತೆ ಅವನು ಬರೆದಿದ್ದ.

1829ರಲ್ಲಿ ಚಿತ್ರ ಗ್ರೀನಿಚ್‌ಗೆ ಬಂತು. ಆಮೇಲಿನ ಒಂದು ಕಥೆಯನ್ನು ಈಗಲೂ ಹೇಳುತ್ತಾರೆ. ಆಶ್ರಯದ ಮುದಿ ನಾವಿಕನೊಬ್ಬ ಅದರ ಮುಂದೆ ನಿಂತು, ತನಗೆ ಇದರ ತಲೆಬುಡ ತಿಳಿಯುವುದಿಲ್ಲ, ಹಡಗಿಗಿಂತ ಇಟ್ಟಿಗೆ ಸುಡುವ ಜಾಗದಂತೆ ಕಾಣುತ್ತದೆ, ಹಗ್ಗಿನ್ಸ್ ಬರೆದ ಚಿತ್ರ ತರಿಸಬೇಕಿತ್ತು ಎಂದನಂತೆ. ಈ ವಿಲಿಯಂ ಜಾನ್ ಹಗ್ಗಿನ್ಸ್ ಯಾರು? ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ ಕೆಲಸ ಮಾಡಿ, ಮುಂಬಯಿ, ಚೀನಾವರೆಗೂ ಹೋಗಿ ಬಂದು ಆಮೇಲೆ ಚಿತ್ರಕಾರನಾದವನು. ಅವನ ಚಿತ್ರದಲ್ಲಿ ಟರ್ನರನ ಬೆಂಕಿ, ಬೆಳಕು ಇಲ್ಲದಿರಬಹುದು. ಆದರೆ ಹಗ್ಗ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಏಕೆಂದರೆ ಹಡಗಿನ ಬದುಕು ಅವನು ಕಂಡುಂಡದ್ದು.

ಪುಟ್ಟಿಗೆ ಈ ಕಥೆ ಬಲು ಹಿಡಿಸಿತು. “ಅಂದರೆ ಆ ತಾತ ಟರ್ನರ್‌ಗೇ ಫೇಲ್ ಮಾಡಿದರಾ?” ಎಂದು ನಕ್ಕಳು. ನಾನೂ ನಕ್ಕೆ. ನನಗೇನೋ ಟರ್ನರನ ಚಿತ್ರವೂ ಇಷ್ಟವಾಯಿತು. ಯುದ್ಧವೆಂದರೆ ಎಂಥ ಗೋಳು ಎಂಬುದು ಅದರಲ್ಲಿ ಕಾಣುತ್ತದೆ. ಆದರೆ ಆ ಮುದುಕನ ಮಾತೂ ಸುಳ್ಳಲ್ಲ.

ಹಡಗಿನಲ್ಲಿದ್ದೇ ಬರೆದವರು

ಮಧ್ಯಾಹ್ನ ಹುಲ್ಲುಹಾಸಿನ ಮೇಲೆ ಕುಳಿತು ಮನೆಯಿಂದ ತಂದಿದ್ದ ಚಿತ್ರಾನ್ನ ತಿಂದೆವು. ಸಂಗ್ರಹದಲ್ಲಿ ಇರುವುದನ್ನೆಲ್ಲ ಗೋಡೆಗೆ ತೂಗುಹಾಕಲು ಸಾಧ್ಯವಿಲ್ಲವಲ್ಲ. ಅದರಲ್ಲೂ ಜಲವರ್ಣದ ಚಿತ್ರಗಳನ್ನು ಬೆಳಕಿನಲ್ಲಿ ಬಹುಕಾಲ ಇಟ್ಟರೆ ಬಣ್ಣ ಮಾಸುತ್ತದೆ. ಹಾಗಾಗಿ ಉಳಿದ ಕೆಲವನ್ನು ಅಳಿಯ ತನ್ನ ಟ್ಯಾಬ್ಲೆಟ್ಟಿನಲ್ಲಿ ತೋರಿಸಿದ.

ಮೊದಲನೆಯವನು ಗೇಬ್ರಿಯಲ್ ಬ್ರೇ. ‘ಪಲ್ಲಾಸ್’ ಎಂಬ ಯುದ್ಧನೌಕೆಯಲ್ಲಿ ಲೆಫ್ಟಿನೆಂಟ್. 1774-75ರಲ್ಲಿ ಆ ಹಡಗು ಆಫ್ರಿಕಾದ ಪಶ್ಚಿಮ ತೀರ, ಜಮೈಕಾ ಕಡೆಗೆ ಹೋದಾಗ ಪುಸ್ತಕದಲ್ಲಿ ಚಿತ್ರ ಬರೆಯುತ್ತ ಹೋದ. ಅವನ ಚಿತ್ರಗಳಲ್ಲಿ ನಾವಿಕನೊಬ್ಬ ತನ್ನ ತೂಗುಹಾಸಿಗೆಯನ್ನು ಸುತ್ತಿ ಹೊತ್ತು ತರುತ್ತಾನೆ. ಇನ್ನಿಬ್ಬರು ಲಂಗರಿನ ಮೇಲೆ ಕುಳಿತು ಗಾಳ ಹಾಕಿ ಮೀನು ಹಿಡಿಯುತ್ತಿದ್ದಾರೆ! ಯುದ್ಧವಿಲ್ಲ, ವೀರರಿಲ್ಲ. ಹಡಗಿನ ಸಾಮಾನ್ಯ ದಿನ. ಅಂಥದ್ದನ್ನು ದೊರೆಗಳು ಬರೆಯಿಸುತ್ತಿರಲಿಲ್ಲ. ಆ ಪುಸ್ತಕ 1991ರಲ್ಲಿ ವಸ್ತುಸಂಗ್ರಹಾಲಯಕ್ಕೆ ಬಂತು. ಅಲ್ಲಿಯವರೆಗೆ ಇನ್ನೂರು ವರ್ಷ ಯಾರ ಯಾರ ಕೈಯಲ್ಲಿತ್ತೋ, ಅಂತೂ ಯಾರೂ ಎಸೆಯಲಿಲ್ಲ.

ಎರಡನೆಯವನು ನಿಕೊಲಸ್ ಪೊಕಾಕ್. 1740ರಲ್ಲಿ ಬ್ರಿಸ್ಟಲ್ ಬಂದರಿನಲ್ಲಿ ಹುಟ್ಟಿ, ವ್ಯಾಪಾರಿ ಹಡಗಿನ ಕಪ್ತಾನನಾದವನು. ಕಪ್ತಾನರು ದಿನಚರಿ ಪುಸ್ತಕದಲ್ಲಿ ಗಾಳಿ ಎತ್ತಣಿಂದ, ಎಷ್ಟು ದೂರ ಬಂದೆವು ಎಂದು ಬರೆದಿಡಬೇಕು. ಈತ ಅದರ ಜೊತೆಗೆ ಆ ದಿನ ಹಡಗು ಹೇಗೆ ಕಂಡಿತು, ಯಾವ ಯಾವ ಹಾಯಿ ಬಿಚ್ಚಿತ್ತು ಎಂದು ಪುಟ್ಟ ಚಿತ್ರವನ್ನೂ ಬರೆಯುತ್ತಿದ್ದ! ಸುಮಾರು ನಲವತ್ತರ ವಯಸ್ಸಿನಲ್ಲಿ ಕಪ್ತಾನಗಿರಿ ಬಿಟ್ಟು ಚಿತ್ರಕಲೆಗೆ ನಿಂತ. 1780ರಲ್ಲಿ ಲಂಡನ್ನಿನ ಪ್ರದರ್ಶನಕ್ಕೆ ಕಳಿಸಿದ ಮೊದಲ ತೈಲಚಿತ್ರ ತಡವಾಗಿ ತಲುಪಿತು. ಆದರೂ ಅಲ್ಲಿನ ಹಿರಿಯ ಚಿತ್ರಕಾರ ಜೋಶುವಾ ರೆನಾಲ್ಡ್ಸ್ ಬೇಸರಪಡದೆ ಕಾಗದ ಬರೆದು, ಹುರಿದುಂಬಿಸಿ ಸಲಹೆ ಕೊಟ್ಟ. 1794ರ ಜೂನ್ 1ರಂದು ಬ್ರಿಟಿಷ್, ಫ್ರೆಂಚ್ ನೌಕಾಪಡೆಗಳ ನಡುವೆ ದೊಡ್ಡ ಕದನ ನಡೆದಾಗ ಐವತ್ತು ದಾಟಿದ ಪೊಕಾಕ್ ‘ಪೆಗಾಸಸ್’ ಹಡಗಿನಲ್ಲಿ ನಿಂತು ಗುರುತು ಹಾಕಿಕೊಳ್ಳುತ್ತಿದ್ದ. ಆ ಟಿಪ್ಪಣಿ ಪುಸ್ತಕವೂ ಈಗ ಗ್ರೀನಿಚ್‌ನಲ್ಲೇ ಇದೆ.

“ನಮ್ಮ ಕಡೆಯವರದ್ದು ಏನೂ ಇಲ್ಲವಾ?” ಎಂದು ಪುಟ್ಟಿ ಕೇಳಿದಳು.

ಅದಕ್ಕೂ ಒಂದು ಎಳೆ ಸಿಕ್ಕಿತು. ಡಾಮಿನಿಕ್ ಸೆರ್ರೆಸ್ ಎಂಬ ಫ್ರೆಂಚ್ ಹುಡುಗ. ಮನೆಯವರು ಇವನನ್ನು ಪಾದ್ರಿ ಮಾಡಬೇಕೆಂದಿದ್ದರು. ಇವನು ಸ್ಪೇನಿಗೆ ಓಡಿಹೋಗಿ ಹಡಗು ಹತ್ತಿ ಸಾದಾ ನಾವಿಕನಾದ, ಆಮೇಲೆ ಹಡಗನ್ನೇ ನಡೆಸುವವನಾದ. ಬ್ರಿಟಿಷರ ಕೈಗೆ ಸೆರೆಸಿಕ್ಕು ಇಂಗ್ಲೆಂಡಿಗೆ ಬಂದವನು ಅಲ್ಲೇ ನೆಲೆಸಿ ಚಿತ್ರ ಬರೆಯತೊಡಗಿದ. 1768ರಲ್ಲಿ ರಾಯಲ್ ಅಕಾಡೆಮಿ ಕಟ್ಟಿದವರಲ್ಲಿ ಅವನೂ ಒಬ್ಬ. ಮುಂದೆ ದೊರೆಯ ನೌಕಾಚಿತ್ರಕಾರನೂ ಆದ. ಸೆರೆಯಾಳಾಗಿ ಬಂದವನಿಗೆ ಎಂಥ ಮರ್ಯಾದೆ ನೋಡಿ! 1782ರ ಜುಲೈ 6ರಂದು ನಾಗಪಟ್ಟಣದ ಸಮುದ್ರದಲ್ಲಿ ಬ್ರಿಟಿಷ್ ಸೇನಾನಿ ಹ್ಯೂಸ್‌ಗೂ ಫ್ರೆಂಚ್ ಸೇನಾನಿ ಸಫ್ರೆನ್‌ಗೂ ನಡೆದ ಕದನವನ್ನು ಈ ಸೆರ್ರೆಸ್ ಚಿತ್ರಿಸಿದ್ದಾನೆ. ಆ ಸಫ್ರೆನ್ ನಮ್ಮ ಮೈಸೂರಿನ ಹೈದರಾಲಿಯ ಮಿತ್ರ. ಅದೇ ತಿಂಗಳು ಕಡಲೂರಿನ ಬಳಿ ಇಬ್ಬರೂ ಭೇಟಿಯಾದರು.

ಇಷ್ಟನ್ನೆಲ್ಲ ಕೂಡಿಸಿಟ್ಟವರನ್ನೂ ನೆನೆಯಬೇಕು. ಮ್ಯಾಕ್‌ಫರ್ಸನ್ ಎಂಬಾತ ಸ್ವತಃ ದೋಣಿ ನಡೆಸುವವನು. ಹಡಗಿನ ಚಿತ್ರಗಳನ್ನು ಕೊಂಡು ಕೊಂಡು ಕೈ ಬರಿದು ಮಾಡಿಕೊಂಡ. ಅವನ ಹನ್ನೊಂದು ಸಾವಿರದಷ್ಟು ಚಿತ್ರಗಳು ಚೆದುರಿಹೋಗುವ ಹೊತ್ತಿಗೆ, 1928ರಲ್ಲಿ ಹಡಗುಗಳ ಮಾಲೀಕ ಜೇಮ್ಸ್ ಕೇರ್ಡ್ ಒಟ್ಟಿಗೆ ಕೊಂಡು ದೇಶಕ್ಕೆ ಕೊಟ್ಟ. ನಾರ್ಮನ್ ವಿಲ್ಕಿನ್ಸನ್ ಮೊದಲ ಮಹಾಯುದ್ಧದಲ್ಲಿ ನೌಕಾಪಡೆ ಸೇರಿದ್ದ ಚಿತ್ರಕಾರ. ಹಡಗುಗಳಿಗೆ ಜೀಬ್ರಾದಂತೆ ಅಡ್ಡಾದಿಡ್ಡಿ ಪಟ್ಟೆ ಬಳಿದರೆ, ಶತ್ರುಗಳ ಜಲಾಂತರ್ಗಾಮಿಗೆ ಅದು ಎತ್ತ ಹೋಗುತ್ತಿದೆ ಎಂದು ಗುರಿ ಸಿಗದು ಎಂದು 1917ರಲ್ಲಿ ಸೂಚಿಸಿದವನು ಅವನೇ. ಎರಡನೆಯ ಮಹಾಯುದ್ಧದ ಬಗ್ಗೆ ಬರೆದ 54 ಚಿತ್ರಗಳನ್ನು ಅವನು ದೇಶಕ್ಕೇ ಕೊಟ್ಟುಬಿಟ್ಟ.

ಹೊರಡುವಾಗ ಪುಟ್ಟಿ ಕೇಳಿದಳು: “ಅಜ್ಜಯ್ಯ, ನಿಮ್ಮ ಅಪ್ಪನೂ ಹಡಗಿನಲ್ಲಿದ್ದರಲ್ಲ. ಅವರು ಚಿತ್ರ ಬರೆಯುತ್ತಿರಲಿಲ್ಲವಾ?”

“ಬರೆಯುತ್ತಿದ್ದರು,” ಎಂದೆ. “ದೋಣಿ ಬಂತು ನೋಡು, ಬಾ ಬಾ,” ಎಂದು ಅವಳ ಕೈ ಹಿಡಿದು ಬೇಗ ಬೇಗ ನಡೆದೆ. ನನ್ನಾಕೆ ನನ್ನ ಮುಖವನ್ನೊಮ್ಮೆ ನೋಡಿದಳು, ಏನೂ ಹೇಳಲಿಲ್ಲ.

ರಟ್ಟಿನ ಮೇಲಿನ ಕಡಲು

ಮುಂದಿನ ಭಾನುವಾರ ಮಗಳು, “ಅಪ್ಪಯ್ಯ, ಹಡಗಿನ ಚಿತ್ರ ನಮ್ಮೂರಲ್ಲೂ ಇವೆ. ನಡೆದುಕೊಂಡೇ ಹೋಗಬಹುದು,” ಎಂದಳು.

ಅದು ಕೆಟಲ್ಸ್ ಯಾರ್ಡ್. ಹೆಸರಿಗೆ ವಸ್ತುಸಂಗ್ರಹಾಲಯ, ನೋಡಿದರೆ ಮನೆ. ನಾಲ್ಕು ಹಳೆಯ ಪುಟ್ಟ ಮನೆಗಳನ್ನು ಕೂಡಿಸಿ ಒಂದು ಮಾಡಿದ್ದು. ಬಾಗಿಲಲ್ಲಿ ಗಂಟೆ ಎಳೆಯಬೇಕು, ಯಾರೋ ಬಂದು “ಬನ್ನಿ” ಎನ್ನುತ್ತಾರೆ. ಒಳಗೆ ಕುರ್ಚಿಗಳ ಮೇಲೆ ಕೂರಲೂಬಹುದು! 1957ರಿಂದ 1973ರವರೆಗೆ ಜಿಮ್ ಈಡ್ ಮತ್ತು ಹೆಲೆನ್ ಎಂಬ ದಂಪತಿ ಇಲ್ಲಿ ಸಂಸಾರ ಮಾಡಿದ್ದರು. ಮಧ್ಯಾಹ್ನದ ಹೊತ್ತು ಮನೆ ತೆರೆದಿಟ್ಟು, ಬಂದ ವಿದ್ಯಾರ್ಥಿಗಳಿಗೆ ತಮ್ಮ ಚಿತ್ರಗಳನ್ನೆಲ್ಲ ತೋರಿಸುತ್ತಿದ್ದರು. ಕೊನೆಗೆ ಮನೆ, ಚಿತ್ರ ಎಲ್ಲವನ್ನೂ ವಿಶ್ವವಿದ್ಯಾಲಯಕ್ಕೆ ಕೊಟ್ಟರು.

ಗೋಡೆಯ ಮೇಲೆ ಪುಟ್ಟ ಪುಟ್ಟ ಹಡಗಿನ ಚಿತ್ರಗಳಿದ್ದವು. ಹತ್ತಿರ ಹೋದೆ. ಕ್ಯಾನ್ವಾಸ್ ಅಲ್ಲ, ಪೆಟ್ಟಿಗೆಯ ರಟ್ಟು! ನಾಲ್ಕು ಬದಿಯೂ ಸಮನಾಗಿಲ್ಲ, ಹೇಗೆ ಹರಿದಿತ್ತೋ ಹಾಗೆಯೇ ಇದೆ. ಬಣ್ಣವೂ ಮೂರೋ ನಾಲ್ಕೋ, ಹಡಗಿಗೆ ಬಳಿಯುವಂಥದ್ದು. ಮನೆಗಿಂತ ಮೀನು ದೊಡ್ಡದು, ದೀಪಸ್ತಂಭ ಒಂದು ಕಡೆ ವಾಲಿದೆ. ಆದರೆ ಹಾಯಿಗಳನ್ನು ನೋಡಿದರೆ ಗಾಳಿ ಬೀಸುವುದು ಗೊತ್ತಾಗುತ್ತದೆ.

ಬರೆದವನು ಆಲ್ಫ್ರೆಡ್ ವಾಲಿಸ್. 1855ರಲ್ಲಿ ಹುಟ್ಟಿದವನು. ಎಳೆಯ ವಯಸ್ಸಿನಲ್ಲೇ ಕಡಲಿಗಿಳಿದು, ಹಾಯಿಹಡಗಿನಲ್ಲಿ ಅಟ್ಲಾಂಟಿಕ್ ದಾಟಿ ಕೆನಡಾ ಕಡೆಯ ನ್ಯೂಫೌಂಡ್‌ಲ್ಯಾಂಡಿಗೂ ಹೋಗಿ ಬಂದವನು. ಆಮೇಲೆ ಕಾರ್ನ್‌ವಾಲ್ ಪ್ರಾಂತದ ಸೇಂಟ್ ಐವ್ಸ್ ಎಂಬ ಮೀನುಗಾರರ ಊರಿನಲ್ಲಿ ಹಳೇ ಹಗ್ಗ, ಹಾಯಿ, ಕಬ್ಬಿಣ ಕೊಳ್ಳುವ ಗುಜರಿ ಅಂಗಡಿ ಇಟ್ಟ. 1922ರಲ್ಲಿ ಹೆಂಡತಿ ತೀರಿಕೊಂಡಳು. ಮನೆಯಲ್ಲಿ ಮಾತಾಡಿಸಲು ಯಾರೂ ಇಲ್ಲ. ಎಪ್ಪತ್ತರ ಹತ್ತಿರದಲ್ಲಿ, ಒಂಟಿತನ ಕಳೆಯಲು ಚಿತ್ರ ಬರೆಯತೊಡಗಿದ. ಕಿರಾಣಿ ಅಂಗಡಿಯ ರಟ್ಟೇ ಅವನ ಕಾಗದ. ಹಾಯಿಹಡಗುಗಳ ಕಾಲ ಮುಗಿದಿತ್ತು. ತಾನು ಕಂಡದ್ದು ಹೀಗಿತ್ತು ಎಂದು ಮರೆಯುವ ಮುನ್ನ ಬರೆದಿಡುವುದೇ ಅವನ ಉದ್ದೇಶ. ಅಜ್ಜ ಅಜ್ಜಿಯರೇ, ಗಮನಿಸಿ: ಶುರುಮಾಡಿದ್ದು ಎಪ್ಪತ್ತಕ್ಕೆ!

1928ರಲ್ಲಿ ಬೆನ್ ನಿಕೊಲ್ಸನ್, ಕ್ರಿಸ್ಟೋಫರ್ ವುಡ್ ಎಂಬ ಇಬ್ಬರು ಯುವ ಚಿತ್ರಕಾರರು ಆ ಬೀದಿಯಲ್ಲಿ ಹೋಗುತ್ತಿದ್ದಾಗ, ತೆರೆದ ಬಾಗಿಲಿನೊಳಗೆ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ್ದ ಈ ಚಿತ್ರಗಳನ್ನು ಕಂಡು ಬೆರಗಾಗಿ ನಿಂತರು. ಅವರ ಮೂಲಕ ಸುದ್ದಿ ಜಿಮ್ ಈಡ್‌ಗೆ ತಲುಪಿತು. ಆಗ ಈಡ್ ಲಂಡನ್ನಿನ ಟೇಟ್ ಚಿತ್ರಶಾಲೆಯಲ್ಲಿ ನೌಕರಿಯಲ್ಲಿದ್ದ. ವಾಲಿಸ್ ಒಂದಷ್ಟು ಚಿತ್ರಗಳನ್ನು ಕಂದು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ ಅಂಚೆಯಲ್ಲಿ ಕಳಿಸುತ್ತಿದ್ದ. ಈಡ್ ತನಗೆ ಬೇಕಾದ್ದನ್ನು ಇಟ್ಟುಕೊಂಡು, ಚಿತ್ರಕ್ಕೆ ಇಷ್ಟು ಎಂದು ಒಂದೆರಡು ಶಿಲ್ಲಿಂಗ್ ಕಳಿಸುತ್ತಿದ್ದ. ಇಬ್ಬರೂ ಮುಖಾಮುಖಿ ಆಗಲೇ ಇಲ್ಲ. ವಾಲಿಸ್ 1942ರಲ್ಲಿ ಬಡವರ ಆಶ್ರಯಧಾಮವೊಂದರಲ್ಲಿ ತೀರಿಕೊಂಡ. ಇಂದು ಆ ಪುಟ್ಟ ಮನೆಯ ಸಂಗ್ರಹದಲ್ಲಿ ಅವನ ನೂರಕ್ಕೂ ಹೆಚ್ಚು ಚಿತ್ರಗಳಿವೆ.

ನಾನು ಅಲ್ಲಿದ್ದ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಪುಟ್ಟಿ ಬಂದು ಪಕ್ಕದಲ್ಲಿ ನಿಂತಳು.

“ಅಜ್ಜಯ್ಯ, ನಿಮ್ಮ ಅಪ್ಪ ಬರೆದ ಚಿತ್ರಗಳು ಎಲ್ಲಿವೆ?”

ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಹೇಳಿದೆ.

ಸುಣ್ಣದ ಕೆಳಗೆ

ಮಳೆಗಾಲದಲ್ಲಿ ಮಂಜಿಗಳು ಕಡಲಿಗಿಳಿಯುತ್ತಿರಲಿಲ್ಲ. ಜೂನ್‌ನಿಂದ ನೂಲಹುಣ್ಣಿಮೆಯವರೆಗೆ ಅಪ್ಪಯ್ಯ ಮನೆಯಲ್ಲೇ. ಆ ದಿನಗಳಲ್ಲಿ ಒಲೆಯ ಇದ್ದಲು, ಕೆಮ್ಮಣ್ಣು ತೆಗೆದುಕೊಂಡು ಒಳಕೋಣೆಯ ಮಣ್ಣಿನ ಗೋಡೆಯ ಮೇಲೆ ಮಂಜಿಯ ಚಿತ್ರ ಬರೆಯುತ್ತಿದ್ದರು. ವರ್ಷಕ್ಕೆ ಒಂದೋ ಎರಡೋ. ಹಾಯಿ, ಹಗ್ಗ, ಚುಕ್ಕಾಣಿ ಹಿಡಿದ ಒಬ್ಬ ಮನುಷ್ಯ, ಹಿಂದುಗಡೆ ಅಡುಗೆಯ ಹೊಗೆ. ಒಂದು ಚಿತ್ರದಲ್ಲಿ ಬೆಕ್ಕೂ ಇತ್ತು. ಪ್ರತಿ ಚಿತ್ರದಲ್ಲೂ ನೀರಿನ ನಡುವೆ ಒಂದು ಗುಪ್ಪೆ ಇರುತ್ತಿತ್ತು. ಚಿಕ್ಕವನಿದ್ದಾಗ ನಾನು ಅದನ್ನು ತಿಮಿಂಗಿಲ ಎಂದುಕೊಂಡಿದ್ದೆ. ಅದೇನೆಂದು ಅಪ್ಪಯ್ಯನನ್ನು ಕೇಳಲೇ ಇಲ್ಲ.

1979ರಲ್ಲಿ ನನ್ನ ಮದುವೆ ಗೊತ್ತಾಯಿತು. ನಾನಾಗ ಹೊಸ ಮೇಷ್ಟ್ರು. ಹೆಣ್ಣಿನ ಕಡೆಯವರು ಬರುತ್ತಾರೆ, ಗೋಡೆಯೆಲ್ಲ ಮಸಿ ಬಳಿದ ಹಾಗಿದೆ ಎಂದು ನನಗೆ ನಾಚಿಕೆ. ಅಪ್ಪಯ್ಯ ಪೇಟೆಗೆ ಹೋಗಿದ್ದಾಗ ಸುಣ್ಣ ಕಲಸಿ ಎರಡು ಸಲ ಬಳಿದೆ. ಸಂಜೆ ಅವರು ಬಂದು ಬಾಗಿಲಲ್ಲಿ ನಿಂತರು. ಸ್ವಲ್ಪ ಹೊತ್ತು ಗೋಡೆ ನೋಡಿದರು. “ಚೆಂದ ಆಯ್ತ್,” ಎಂದರು. ಅಷ್ಟೇ. ಆಮೇಲೆ ಅವರು ಚಿತ್ರ ಬರೆಯಲಿಲ್ಲ. ಮೂರು ವರ್ಷದ ನಂತರ ತೀರಿಕೊಂಡರು. ಮುಂದೆ ಆ ಮನೆಯನ್ನೇ ಕೆಡವಿ ಹೊಸದು ಕಟ್ಟಿದೆವು.

ಪುಟ್ಟಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಿಮಗೆ ನೆನಪಿದೆಯಲ್ಲ, ಬರೆಯಿರಿ,” ಎಂದಳು.

“ನಾನು ಮಂಜಿಯಲ್ಲಿ ಹೋದವನಲ್ಲ ಮಗಾ. ಹಗ್ಗ ಎಲ್ಲಿ ಕಟ್ಟುತ್ತಾರೆ ಎಂದು ನನಗೆ ಗೊತ್ತಿಲ್ಲ.”

“ಗೊತ್ತಿರುವವರು ಯಾರೂ ಇಲ್ಲವಾ?”

ಇದ್ದರು. ಅದೂ ನಮ್ಮ ಪಕ್ಕದ ಮನೆಯಲ್ಲೇ! ಇಷ್ಟು ವರ್ಷ ನನಗೇ ಹೊಳೆದಿರಲಿಲ್ಲ.

ತಾಂಡೇಲಜ್ಜನ ಪಾಠ

ಡಿಸೆಂಬರ್ ರಜೆಗೆ ಪುಟ್ಟಿ ಗಂಗೊಳ್ಳಿಗೆ ಬಂದಳು. ಬರುವಾಗಲೇ ದಪ್ಪ ಹಾಳೆಯ ಚಿತ್ರಪುಸ್ತಕ, ಪೆನ್ಸಿಲು ತಂದಿದ್ದಳು. ಪಕ್ಕದ ಮನೆಯ ಅಜ್ಜನಿಗೆ ಎಂಬತ್ತನಾಲ್ಕು ವರ್ಷ. ಹನ್ನೆರಡರ ವಯಸ್ಸಿಗೆ ಮಂಜಿಯಲ್ಲಿ ಅಡುಗೆಯ ಹುಡುಗನಾಗಿ ಸೇರಿ, ಮುಂದೆ ತಾಂಡೇಲನಾಗಿ ದೋಣಿ ನಡೆಸಿದವರು. ಊರಿನ ಮಕ್ಕಳಿಗೆಲ್ಲ ಅವರು ತಾಂಡೇಲಜ್ಜ.

ಪುಟ್ಟಿ ತಾನೇ ಒಂದು ಹಾಯಿಹಡಗು ಬರೆದು ಅವರಿಗೆ ತೋರಿಸಿದಳು. ನೆಟ್ಟಗಿನ ಕೂವೆಮರ, ಮುಂದಕ್ಕೆ ಉಬ್ಬಿದ ಹಾಯಿ, ತುದಿಯಲ್ಲಿ ಹಿಂದಕ್ಕೆ ಹಾರುವ ಬಾವುಟ. ಅಜ್ಜ ಕಣ್ಣಿನ ಹತ್ತಿರ ಹಿಡಿದು ನೋಡಿದರು, ಬೊಚ್ಚುಬಾಯಲ್ಲಿ ನಕ್ಕರು.

“ಕಾಣ್ ಮಗಾ, ಗಾಳಿ ಹಿಂದಿಂದ ಬಂದ್ ಹಾಯಿ ಮುಂದಕ್ಕೆ ಉಬ್ಬಿತ್. ಹಾಂಗಾರೆ ಬಾವುಟ ಹಿಂದಕ್ಕೆ ಹಾರುದ್ ಹ್ಯಾಂಗೆ? ಎರಡ್ ಗಾಳಿ ಉಂಟಾ?”

ಪುಟ್ಟಿ ನನ್ನ ಕಡೆ ತಿರುಗಿ, “ಅಜ್ಜಯ್ಯ! ಗ್ರೀನಿಚ್ ತಾತ!” ಎಂದು ಕೂಗಿದಳು. (ಮಕ್ಕಳೇ, ನೀವು ಬರೆದ ಹಡಗನ್ನು ಈಗಲೇ ತೆಗೆದು ನೋಡಿ. ಹತ್ತರಲ್ಲಿ ಎಂಟು ಮಂದಿ ಇದೇ ತಪ್ಪು ಮಾಡಿರುತ್ತೀರಿ. ಮೂವತ್ತೈದು ವರ್ಷ ಹಲಗೆಯ ಮೇಲೆ ನಾನೂ ಮಾಡಿದ್ದೇನೆ.)

ಅಜ್ಜ ಪೆನ್ಸಿಲು ತೆಗೆದುಕೊಂಡರು. ಕೈ ನಡುಗುತ್ತಿತ್ತು. ಮೊದಲು ಹಡಗಿನ ಹೊಟ್ಟೆ ಬರೆದರು. ಕೂವೆಮರವನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದರು. ಅದರ ಮೇಲೆ ಉದ್ದನೆಯ ಓರೆ ಮರ, ಅದಕ್ಕೆ ಕಟ್ಟಿದ ಮೂರು ಮೂಲೆಯ ಹಾಯಿ. ಹಗ್ಗಗಳಿಗೆ ಬಂದಾಗ ಕೈ ನಡುಗುವುದು ನಿಂತಿತು. ಇದು ಇಲ್ಲಿಂದ ಇಲ್ಲಿಗೆ, ಇದನ್ನು ಎಳೆದರೆ ಹಾಯಿ ತಿರುಗುತ್ತದೆ, ಇದನ್ನು ಬಿಟ್ಟರೆ ಕೆಳಗಿಳಿಯುತ್ತದೆ ಎಂದು ಹೇಳುತ್ತ ಒಂದೊಂದನ್ನೇ ಎಳೆದರು. ಕೊನೆಗೆ ಹಿಂದೆ, ನೀರಿನ ನಡುವೆ, ಒಂದು ಗುಪ್ಪೆ ಬರೆದರು.

ನನ್ನ ಎದೆ ಧಸಕ್ಕೆಂದಿತು. “ಅದೆಂತ ಅಜ್ಜ?”

“ಅದಾ? ನೇತ್ರಾಣಿ ಅಲ್ದಾ! ಮುಂಬಯಿಂದ ಬಪ್ಪತಿಗೆ ಅದ್ ಕಂಡ್ರೆ ಸೈ, ಮನೆ ಬಂತ್ ಅಂತ ಲೆಕ್ಕ. ನಿನ್ನ ಅಪ್ಪಯ್ಯ ಅದನ್ನ ಕಂಡ ಕೂಡ್ಲೆ ಕೈ ಮುಗಿತಿದ್ರ್.”

ಮುರುಡೇಶ್ವರದ ಎದುರು ಕಡಲಿನಲ್ಲಿರುವ ನೇತ್ರಾಣಿ ದ್ವೀಪ. ನಾನು ತಿಮಿಂಗಿಲ ಎಂದುಕೊಂಡದ್ದು ಅದು. ಮಳೆಗಾಲದಲ್ಲಿ ಮನೆಯಲ್ಲೇ ಕುಳಿತು ಅಪ್ಪಯ್ಯ ಗೋಡೆಯ ಮೇಲೆ ಬರೆಯುತ್ತಿದ್ದದ್ದು ಹಡಗು ಹೊರಟ ಚಿತ್ರವಲ್ಲ, ಮನೆಗೆ ಮರಳುವ ಚಿತ್ರ. ಇದು ತಿಳಿಯಲು ನನಗೆ ಎಪ್ಪತ್ತು ದಾಟಬೇಕಾಯಿತು.

ಪುಟ್ಟಿ ಹಾಳೆಯ ಹಿಂದೆ ಬರೆದವರ ಹೆಸರು, ತಾರೀಖು, ಊರು, ಮಂಜಿಯ ಹೆಸರು ಎಲ್ಲ ಬರೆದಳು. ಗ್ರೀನಿಚ್‌ನಲ್ಲಿ ಪ್ರತಿ ಚಿತ್ರದ ಪಕ್ಕದಲ್ಲಿ ಹಾಗೆ ಬರೆದದ್ದನ್ನು ಅವಳು ನೋಡಿದ್ದಳು. ಅದು ನಮ್ಮ ಸಂಗ್ರಹದ ಮೊದಲ ಚಿತ್ರ. ಈಗ ಒಂಬತ್ತು ಆಗಿವೆ. ಬಲೆ ಹೆಣೆಯುವ ಅಜ್ಜಿಯೊಬ್ಬರು ಎರಡು ಕೊಟ್ಟಿದ್ದಾರೆ. ದೋಣಿ ಕಟ್ಟುವ ಆಚಾರ್ಯರೊಬ್ಬರು ಹಲಗೆ ಜೋಡಿಸುವ ಬಗೆ ಬರೆದುಕೊಟ್ಟಿದ್ದಾರೆ. ಎಲ್ಲವನ್ನೂ ಗೆದ್ದಲು ಹಿಡಿಯದ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ನಿಮ್ಮ ಮನೆಯಲ್ಲಿ ಗಾಡಿ ಹೊಡೆದವರು, ಮಗ್ಗ ನೇಯ್ದವರು, ರೈಲು ಓಡಿಸಿದವರು ಇದ್ದರೆ ನೀವೂ ಒಂದು ಪೆನ್ಸಿಲು ಕೊಟ್ಟು ನೋಡಿ. “ನಂಗೆ ಬರೂದಿಲ್ಲ” ಎಂದೇ ಎಲ್ಲರೂ ಮೊದಲು ಹೇಳುತ್ತಾರೆ. ಐದು ನಿಮಿಷ ಸುಮ್ಮನೆ ಪಕ್ಕದಲ್ಲಿ ಕುಳಿತಿರಿ.

ತಾಂಡೇಲಜ್ಜ ಚಿತ್ರ ಬರೆದುಕೊಟ್ಟ ಮರುದಿನ ಬೆಳಿಗ್ಗೆ ಆರೂವರೆಗೇ ನಮ್ಮ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಅವರೇ, ಕೋಲೂರಿಕೊಂಡು ನಿಂತಿದ್ದಾರೆ.

“ರಾತ್ರಿ ಇಡೀ ನಿದ್ರಿ ಇಲ್ಲ ಮಾರಾಯಾ. ನಿನ್ನೆ ಲಂಗರ್ ಹಾಕುಕೇ ಮರ್ತ್ ಹೋಯ್ತ್. ಆ ಪುಸ್ತಕ ಕೊಡ್ ಕಾಂಬ.”